ಹೊತ್ತುಗೊತ್ತಿಲ್ಲದ ನಲ್ಲಿ

ನೀರು ಸರಬರಾಜಿನ ಮಾನ್ಯ ಎಂಜಿನಿಯರರೇ,

ನಮ್ಮ ಬೀದಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ? ಈ ಒಂದು ಪ್ರಶ್ನೆಗೆ ಉತ್ತರ ಕೊಡಬಲ್ಲಿರಾದರೆ ಪತ್ರವನ್ನು ಇಲ್ಲಿಗೇ ಮಡಿಸಿಡಿ. ಕೊಡಲಾರಿರಿ ಎಂದು ಗೊತ್ತಿರುವುದರಿಂದ ನಾನು ಮುಂದುವರಿಸುತ್ತೇನೆ.

ನೀರು ಸಾಲದೆಂಬುದು ನನ್ನ ದೂರಲ್ಲ. ದಿನಕ್ಕೊಮ್ಮೆ, ಒಂದು ಗಂಟೆ, ಧಾರಾಳವಾಗಿಯೇ ಬರುತ್ತದೆ. ಆದರೆ ನಾವು ಜಯನಗರಕ್ಕೆ ಬಂದ ಈ ನಾಲ್ಕು ವರ್ಷಗಳಲ್ಲಿ ಅದು ಬೆಳಗಿನ ಆರಕ್ಕೆ ಬಂದಿದೆ, ಹನ್ನೊಂದಕ್ಕೆ ಬಂದಿದೆ, ಅಪ್ಪ ಊಟಕ್ಕೆ ಕುಳಿತು ಮೊದಲ ತುತ್ತು ಎತ್ತಿದ ಕ್ಷಣಕ್ಕೆ ಬಂದಿದೆ, ಮದುವೆಗೆಂದು ಹೊರಟು ಬಾಗಿಲಿಗೆ ಬೀಗ ಜಡಿದ ಮೇಲೂ ಬಂದಿದೆ. ಒಂದು ನಲ್ಲಿಗೆ ಇಷ್ಟೊಂದು ಕಲ್ಪನಾಶಕ್ತಿ ಬೇಕೆ? ನಾನು ಸಾಹಿತ್ಯ ಓದಿದವಳು. ಅನಿರೀಕ್ಷಿತ ತಿರುವುಗಳನ್ನು ಮೆಚ್ಚಬೇಕೆಂದು ಮೂರು ವರ್ಷ ಕೂರಿಸಿ ಕಲಿಸಿದ್ದಾರೆ. ಆದರೂ ಬೇಡ, ಸ್ವಾಮಿ.

ತಮಗೆ ನನ್ನ ತಾಯಿ ಸಿದ್ದಗಂಗಮ್ಮನವರ ತಲೆಯ ಪರಿಚಯ ಮಾಡಿಸಬೇಕು. ಅದು ತಮ್ಮ ಕಚೇರಿಗಿಂತ ಅಚ್ಚುಕಟ್ಟಾದ ಜಾಗ. ರಾಗಿ ಮಿಲ್ಲಿಗೆ ಮಂಗಳವಾರ ರಜ, ಅಗಸ ಬರುವುದು ಗುರುವಾರ, ಉಪ್ಪಿನಕಾಯಿ ಜಾಡಿಯನ್ನು ಕಲಕಬೇಕಾದದ್ದು ಮೂರು ದಿನಕ್ಕೊಮ್ಮೆ, ಅಪ್ಪನ ಶರ್ಟಿನ ಗುಂಡಿ ಭಾನುವಾರ. ಒಂದೊಂದೂ ಒಂದೊಂದು ಗೂಟಕ್ಕೆ ನೇತುಬಿದ್ದಿದೆ; ಸಮಯಕ್ಕೆ ಕೈಚಾಚಿದರೆ ಸಿಗುತ್ತದೆ, ಮಿಕ್ಕ ಹೊತ್ತು ಅದರ ಪಾಡಿಗೆ ಅದಿರುತ್ತದೆ. ನೀರಿಗೆ ಮಾತ್ರ ಗೂಟವಿಲ್ಲ. ಅದನ್ನು ಅಮ್ಮ ದಿನವಿಡೀ ಹೊತ್ತುಕೊಂಡೇ ಓಡಾಡಬೇಕು. ಬಿಂದಿಗೆ ಹೊರುವುದನ್ನು ನಾನು ಹಂಚಿಕೊಳ್ಳಬಲ್ಲೆ, ಹಂಚಿಕೊಂಡಿದ್ದೇನೆ. ಕಾಯುವುದನ್ನು ಹೇಗೆ ಹಂಚಿಕೊಳ್ಳಲಿ?

ಅಪ್ಪ ಗುರುಶಾಂತಪ್ಪನವರು ಪರಿಹಾರವೆಂದು ಒಂದು ಅಲಾರಂ ಗಡಿಯಾರ ತಂದರು. ಎಷ್ಟು ಗಂಟೆಗೆ ಇಡಲಿ ಎಂದು ಅಮ್ಮ ಕೇಳಿದರು. ಗಡಿಯಾರ ಈಗ ಬೀರುವಿನಲ್ಲಿದೆ, ನನ್ನ ಹಾಗೆಯೇ ನಿರುದ್ಯೋಗಿ.

ನಮ್ಮ ಬೀದಿಯ ಹೆಂಗಸರು ತಮಗಿಂತ ಒಳ್ಳೆಯ ಎಂಜಿನಿಯರುಗಳು. ನಲ್ಲಿಯನ್ನು ತಿರುಗಿಸಿಟ್ಟು ಅದರಡಿ ಹಿತ್ತಾಳೆ ತಟ್ಟೆಯನ್ನು ಬೋರಲು ಹಾಕುತ್ತಾರೆ. ಮೊದಲ ಹನಿ ಬಿದ್ದರೆ ಠಣ್ ಎನ್ನುತ್ತದೆ, ಬೀದಿಗೆ ಬೀದಿಯೇ ಬಿಂದಿಗೆ ಹಿಡಿದು ಹೊರಬರುತ್ತದೆ. ಒಮ್ಮೆ ಪಕ್ಕದ ಮನೆಯ ಜಯಶೀಲಾ ಅವರ ತಟ್ಟೆಯ ಮೇಲೆ ಕಾಗೆಯೊಂದು ಕುಳಿತು ಕುಕ್ಕಿತು. ಹತ್ತೊಂಬತ್ತು ಮಂದಿ ಓಡಿಬಂದರು. ನಾನು ಎಣಿಸಿದೆ, ಸಂಕೋಚದ ಹುಡುಗಿಯರು ಕಿಟಕಿಯ ಹಿಂದೆ ನಿಂತು ಇಂಥದ್ದನ್ನೆಲ್ಲ ಎಣಿಸುತ್ತಾರೆ. ಕಾಗೆಗೆ ಆ ಸಭೆ ಹಿಡಿಸಿರಬೇಕು, ಮರುದಿನವೂ ಬಂತು.

ನೀರು ಬರುವುದರ ಇನ್ನೊಂದು ಸೂಚನೆಯೆಂದರೆ ತಮ್ಮ ನೌಕರ ಬೋರಣ್ಣ. ವಾಲ್ವ್ ತಿರುಗಿಸುವ ಮಾರುದ್ದದ ಕಬ್ಬಿಣದ ಕೀಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಆತ ಹೊರಟರೆ ನೀರು ಹೊರಟಂತೆ. ಪಾಪದ ಮನುಷ್ಯ. ಕಚೇರಿ ಹೇಳಿದಾಗ ತಿರುಗಿಸುತ್ತಾನೆ. ಯಾವಾಗ ಹೇಳುತ್ತದೆಂದು ಅವನಿಗೂ ತಿಳಿಯದು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ದೊಡ್ಡಮ್ಮ ಕಮಲಾದೇವಿಯವರು ಬೇಗೂರಿನಲ್ಲಿದ್ದಾರೆ. ಕಾರ್ತಿಕ ಸೋಮವಾರ ಅಕ್ಕತಂಗಿಯರಿಬ್ಬರೂ ನಾಗೇಶ್ವರನ ಗುಡಿಯಲ್ಲಿ ಒಟ್ಟಿಗೆ ದೀಪ ಹಚ್ಚಬೇಕೆಂಬುದು ನಾಲ್ಕು ವರ್ಷದ ಮಾತು. ಬೇಗೂರು ದೂರದ ದೇಶವಲ್ಲ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ. ಈ ಸಲದ ಮೊದಲ ಸೋಮವಾರ ನಾನು ಹಟ ಹಿಡಿದು ಹೊರಡಿಸಿದೆ. ಬಾಗಿಲಲ್ಲಿ ನಿಂತು ಅಮ್ಮ ತಲೆಯ ಗೂಟಗಳನ್ನೆಲ್ಲ ಬರಿದುಮಾಡಿದರು. "ಸಾರು ಒಲೆ ಮೇಲಿದೆ. ಹಾಲಿಗೆ ಹೆಪ್ಪು ಹಾಕ್ಬಿಡು. ಅಪ್ಪಂಗೆ ಮಾತ್ರೆ ಊಟ ಆದ್ಮೇಲೆ." ಆಮೇಲೆ ನಲ್ಲಿಯ ಕಡೆ ನೋಡಿದರು. "ನೀರಿನ ವಿಷ್ಯ ಏನಂತ ಹೇಳ್ಲಿ ನಿಂಗೆ?"

ನಾನಿದ್ದೇನೆ, ತಟ್ಟೆಯಿದೆ, ಜಯಶೀಲಾ ಇದ್ದಾರೆ ಎಂದು ಸಮಾಧಾನ ಹೇಳಿ ರೇಷ್ಮೆ ಸೀರೆಯ ಅಮ್ಮನನ್ನು ಬಸ್ಸು ಹತ್ತಿಸಿ ಬಂದೆ. ಅರ್ಧ ಗಂಟೆಯಾಗಿರಲಿಲ್ಲ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬತ್ತಿಯ ಪೊಟ್ಟಣ ಕೈಯಲ್ಲಿ ಹಿಡಿದು, ಬೀದಿಯುದ್ದಕ್ಕೂ ಓಡಿಬರುತ್ತಿದ್ದರು. ಬಸ್ಸಿನ ಕಿಟಕಿಯಿಂದ ಬೋರಣ್ಣ ಕಂಡನಂತೆ, ಕೀ ಸಮೇತ, ನಮ್ಮ ಬೀದಿಯ ಕಡೆಗೇ ಬರುತ್ತಿದ್ದನಂತೆ. ಮುಂದಿನ ಸ್ಟಾಪಿನಲ್ಲಿ ಅಮ್ಮನ ಕಾಲುಗಳು ಅಮ್ಮನನ್ನು ಒಂದು ಮಾತೂ ಕೇಳದೆ ಇಳಿದುಬಿಟ್ಟವು.

ಹಿಂದೆಯೇ ಸೈಕಲ್ ತಳ್ಳಿಕೊಂಡು ಬೋರಣ್ಣನೂ ಬಂದ. ಸಾಲಾಗಿ ಇಟ್ಟ ಬಿಂದಿಗೆಗಳನ್ನೂ ರೇಷ್ಮೆ ಸೀರೆಯನ್ನೂ ನೋಡಿ ಸೈಕಲ್ ನಿಲ್ಲಿಸಿದ. "ಈ ಕೀ ಸವೆದೋಗೈತೆ ಕಣವ್ವ, ಕುಲುಮೆಗೆ ತಗೊಂಡೋಗ್ತಿವ್ನಿ. ಇವತ್ತು ನೀರಿಲ್ಲ."

ಅಮ್ಮ ಕೈಯಲ್ಲಿದ್ದ ಬತ್ತಿಯ ಪೊಟ್ಟಣವನ್ನೊಮ್ಮೆ ನೋಡಿದರು. ಆಮೇಲೆ ನಗತೊಡಗಿದರು. ಜಯಶೀಲಾ ನಕ್ಕರು, ನಾನು ನಕ್ಕೆ, ಏಕೆಂದು ತಿಳಿಯದೆ ಬೋರಣ್ಣನೂ ನಕ್ಕ. ಅಮ್ಮ ಕಟ್ಟೆಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದು ನಮ್ಮ ಬೀದಿಯಲ್ಲಿ ಬಂದ ನೀರು ಅದೊಂದೇ. ಬೇಗೂರಿನಲ್ಲಿ ದೊಡ್ಡಮ್ಮ ಗುಡಿ ಬಾಗಿಲು ಹಾಕುವವರೆಗೆ ಕಾದು, ಎರಡು ದೀಪವನ್ನೂ ತಾವೇ ಹಚ್ಚಿದರಂತೆ.

ಮರುದಿನ ತಮ್ಮ ಕಚೇರಿಗೆ ಹೋದೆ. ಎರಡು ಸಲ ಬಾಗಿಲವರೆಗೆ ಹೋಗಿ ಹಿಂತಿರುಗಿ, ಮೂರನೆಯ ಸಲ ಒಳಗೆ ಕಾಲಿಟ್ಟೆ. ನೀರಿನ ವೇಳೆಯನ್ನು ಒಂದು ಹಲಗೆಯ ಮೇಲೆ ಬರೆದು ಹಾಕಬಾರದೇ ಎಂದು ಗುಮಾಸ್ತರನ್ನು ಕೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. "ಟೈಮ್ ಬರೆದು ಹಾಕಿದ್ರೆ ಆ ಟೈಮಿಗೇ ಬಿಡಬೇಕಾಗುತ್ತಲ್ಲಮ್ಮ."

ಎಂಥ ಮಾತು. ತಕ್ಕ ಉತ್ತರ ನನಗೆ ಹೊಳೆದದ್ದು ಮನೆಯ ಗೇಟು ತೆರೆಯುವಾಗ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಹೌದು ಮಾನ್ಯರೇ, ಆ ಟೈಮಿಗೇ ಬಿಡಬೇಕಾಗುತ್ತದೆ. ತಾವೊಬ್ಬರು ನೆನಪಿಟ್ಟುಕೊಂಡರೆ ಒಂದು ಬೀದಿಯ ಹೆಂಗಸರೆಲ್ಲ ಮರೆತು ಹಾಯಾಗಿರಬಹುದು. ಈ ಲೆಕ್ಕ ಅರ್ಥವಾಗಲು ಎಂಜಿನಿಯರಿಂಗ್ ಓದಿರಬೇಕೆ?

ಕಾರ್ತಿಕದ ಕಡೆಯ ಸೋಮವಾರ ಇನ್ನೂ ಬಾಕಿಯಿದೆ. ಅಷ್ಟರೊಳಗೆ ನಮ್ಮ ಬೀದಿಯ ಮೂಲೆಯಲ್ಲಿ ಒಂದು ಹಲಗೆ ನೆಡಿಸಿ, ಒಂದು ಹೊತ್ತು ಬರೆಸಿ, ಅದರಂತೆ ನಡೆಯಿರಿ. ಹೊತ್ತು ಯಾವುದಾದರೂ ಸರಿ, ಮಧ್ಯಾಹ್ನ ಎರಡು ಗಂಟೆ ಹದಿಮೂರು ನಿಮಿಷವಾದರೂ ಸರಿ. ಅದೂ ಆಗದಿದ್ದರೆ, ಆ ಸೋಮವಾರ ನೀರು ಇಲ್ಲವೇ ಇಲ್ಲ ಎಂದಾದರೂ ಬರೆಸಿ. ಅಮ್ಮ ಹಿಂದಿನ ದಿನವೇ ಹಂಡೆ ತುಂಬಿಸಿಟ್ಟು ಹೊರಡುತ್ತಾರೆ. ಬಸ್ಸಿನ ಕಿಟಕಿಯಿಂದ ಬೋರಣ್ಣ ಕಂಡರೆ ಕೈಬೀಸಿ, ಕುಳಿತಲ್ಲೇ ಕುಳಿತು ಬೇಗೂರಿಗೆ ಹೋಗುತ್ತಾರೆ.

ಇಂತಿ,
ನಲ್ಲಿಯ ಮುಂದೆ ಮಣೆ ಹಾಕಿಕೊಂಡು ಇದನ್ನು ಬರೆದು, ನಡುವೆ ಎರಡು ಸಲ ಕಾಗೆ ಓಡಿಸಿದ
ಉಮಾಮಹೇಶ್ವರಿ, ಬಿ.ಎ. (ಆನರ್ಸ್)
ಜಯನಗರ