ನಂದೇನೈತೆ ಅಂದದ್ದಕ್ಕೆ

ಹುಣಸೂರು
೧೪ ಜೂನ್ ೨೦೨೪

ಅವ್ವನಿಗೆ, ನಿನ್ನ ಪುಷ್ಪಾ ಮಾಡುವ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಮಲ್ಲಮ್ಮತ್ತೆಯ ಕೈಲಿ ಓದಿಸಬೇಡ, ನೀನೇ ಕನ್ನಡಕ ಹಾಕಿಕೊಂಡು ಓದು.

ನಾನೂ ನಮ್ಮವರೂ ಬೇರೆಯಾಗುವುದು ಖಾತ್ರಿಯಾದ ಮೇಲೆ, ಅನು ಯಾರ ಹತ್ತಿರ ಇರಬೇಕೆಂದು ಸಾಲಿಗ್ರಾಮದಲ್ಲಿ ಹಿರಿಯರನ್ನು ಕೂರಿಸಿದೆವಲ್ಲ, ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ನಮ್ಮವರು ಎಷ್ಟು ಸಲೀಸಾಗಿ ಹೇಳಿಕೊಂಡರು. "ಮಗೀನ ಸಾಕಿರೋದೇ ನಾನು ಕಣ್ರಪ್ಪ. ಜ್ವರ ಬಂದ್ರೆ ಆಸ್ಪತ್ರೆಗೆ ನಾನೇ ಎತ್ಕಂಡೋಗೋದು." ಹೋಗಿದ್ದು ಒಂದು ಸಲ, ಅದೂ ಬೈಕು ಓಡಿಸುವುದಕ್ಕೆ. ಮಗು ಇದ್ದದ್ದು ನನ್ನ ತೊಡೆಯ ಮೇಲೆ. ಬೇಕೆಂದೇ ಸುಳ್ಳು ಹೇಳಿದರು ಅನ್ನಲಾರೆ. ಹುಟ್ಟಿದಾಗಿನಿಂದ ಅವರ ತಾಯಿ ಮಗನನ್ನು ಹೊಗಳಿಕೊಂಡೇ ಬಂದಿದ್ದಾರೆ, ಇವರೂ ಅದನ್ನು ನಂಬಿಬಿಟ್ಟಿದ್ದಾರೆ.

ಆಮೇಲೆ ಹಿರಿಯರ ನಡುವೆ ಕೂತಿದ್ದ ಸಿದ್ದಮಲ್ಲಪ್ಪಜ್ಜ ನನ್ನ ಕಡೆ ತಿರುಗಿ, "ನೀನೇನು ಮಾಡಿದ್ದೀಯವ್ವಾ?" ಅಂದರು. ಎಂಟು ವರ್ಷ ಮಾಡಿದ್ದೆಲ್ಲ ಗಂಟಲಿಗೆ ಬಂತು. ಬಾಯಲ್ಲಿ ಬಂದದ್ದು, "ನಂದೇನೈತಜ್ಜ, ಏನೋ ಕೈಲಾದಷ್ಟು." ತಾನು ಮಾಡಿದ್ದನ್ನು ತಾನೇ ಹೇಳಿಕೊಳ್ಳುವ ಹೆಂಗಸನ್ನು ನಮ್ಮೂರಲ್ಲಿ ಜಂಬದ ಕೋಳಿ ಅಂತಾರೆ. ನೀನಾದರೂ ಹೇಳುತ್ತೀಯೆಂದು ನಿನ್ನನ್ನು ನೋಡಿದೆ. ನೀನು ಸೆರಗು ಸರಿಮಾಡಿಕೊಂಡು, "ನಮ್ಮ ಪುಷ್ಪಂಗೆ ಅಷ್ಟು ತಿಳುವಳಿಕೆ ಇಲ್ಲ ಕಣ್ರಪ್ಪ, ನೀವೇ ತಿದ್ಬೇಕು" ಅಂದುಬಿಟ್ಟೆ.

ನನ್ನನ್ನು ನೋಡಲು ಗಂಡಿನವರು ಬಂದಾಗಲೂ ನೀನು ಇದೇ ಮಾತು ಅಂದಿದ್ದೆ. ಆವತ್ತು ಅವರು ನಕ್ಕು, ಒಳ್ಳೇ ಮನೆತನ ಅಂದಿದ್ದರು. ಈ ಸಲ ಯಾರೂ ನಗಲಿಲ್ಲ. ತಿಳುವಳಿಕೆ ಇಲ್ಲದವಳ ಕೈಲಿ ಮಗು ಬೇಡ ಅಂದರು. ಅನು ಈಗ ನಮ್ಮವರ ಮನೆಯಲ್ಲಿದ್ದಾಳೆ.

ನಿನ್ನ ಮೇಲೆ ಕೋಪವಿದೆ ಅವ್ವ. ಹೆತ್ತವರೇ ಹೊಗಳಿದರೆ ದೃಷ್ಟಿಯಾಗುತ್ತದೆ ಅಂತಿದ್ದೆ ನೀನು. ಹೊಗಳಲಿಲ್ಲ ಸರಿ, ಮಗು ಕೈತಪ್ಪಿ ಹೋಯಿತಲ್ಲ.

ಅನೂಗಾಗಿ ಕೋರ್ಟಿಗೆ ಹೋಗಿದ್ದೇನೆ. ಮುಂದಿನ ತಿಂಗಳು ಅಲ್ಲಿ ನಿನ್ನನ್ನೂ ಕೇಳುತ್ತಾರಂತೆ. "ನನ್ನ ಮಗಳು ಮಗೀನ ಚೆನ್ನಾಗಿ ಸಾಕವಳೆ" ಅಂತ ಗಟ್ಟಿಯಾಗಿ ಒಂದು ಮಾತು ಹೇಳು. ಅಷ್ಟು ಆಗದಿದ್ದರೆ ಬರಲೇಬೇಡ. ನಾನೂ ಕನ್ನಡಿ ಮುಂದೆ ನಿಂತು ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ನಾಚಿಕೆಯಾಗುತ್ತದೆ.

ನಿನ್ನ ಮಗಳು
ಪುಷ್ಪಾ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ: ಆವತ್ತು ಅನೂನ ಒಳಗೆ ಕರೆದು, ಯಾರ ಹತ್ತಿರ ಇರ್ತೀಯಾ ಎಂದು ಕೇಳಿದರಂತೆ. ಅವಳು ತಲೆ ತಗ್ಗಿಸಿ, "ನೀವು ಹೇಳ್ದಂಗೆ ತಾತ" ಅಂದಳಂತೆ. ಸಿದ್ದಮಲ್ಲಪ್ಪಜ್ಜ ಹೊರಗೆ ಬಂದು, ಮಗೂನ ಎಷ್ಟು ಚೆನ್ನಾಗಿ ಬೆಳೆಸಿದ್ದೀಯಪ್ಪ ಅಂತ ನಮ್ಮವರ ಬೆನ್ನು ತಟ್ಟಿದರು. ದೊಡ್ಡವರ ಮುಂದೆ ಹಾಗೇ ಹೇಳಬೇಕು ಅಂತ ಅವಳಿಗೆ ಕಲಿಸಿದವಳು ನಾನು.