ಹಡಗಲಿ ಬಸ್ಸಿಗೆ ಹಾಕಿದ ಬುತ್ತಿ

ಕೂಡ್ಲಿಗಿ
6-7-2003, ಭಾನುವಾರ

ಪ್ರೀತಿಯ ಪಾಲಾಕ್ಷನಿಗೆ,

ನಿನ್ನ ಭಾವ ಹುಲುಗಣ್ಣನ ಆಶೀರ್ವಾದಗಳು. ಹಲವಾಗಲಲ್ಲಿ ನೀನು, ವಾಣಿಶ್ರೀ, ಮಕ್ಕಳು ಹೊಟ್ಟೆ ತುಂಬ ಉಂಡು ಆರಾಮ ಇದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಖಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಬಸ್ಸು ಓಡಿಸಿದೆ, ಒಂದು ಸಲ ಅಂಗಿಯ ಜೊತೆ ಒಗೆದೂ ಬಿಟ್ಟೆ. ಅಕ್ಷರ ಅಳಿಸಿದರೂ ನೀನು ಕೇಳಿದ್ದು ಮರೆತಿಲ್ಲ. ತಡವಾಗಿದ್ದಕ್ಕೆ ಕ್ಷಮಿಸು.

ಮೊದಲು ಒಳ್ಳೆಯ ಸುದ್ದಿ. ನಿನ್ನ ಅಕ್ಕನ ಮಗಳು ಯಶೋಧಾ ಹೆರಿಗೆಗೆ ಇಲ್ಲಿಗೆ ಬಂದಿದ್ದಾಳೆ. ಒಂಬತ್ತರಲ್ಲಿ ಬಿದ್ದಿದ್ದಾಳೆ. ನಿನ್ನೆ ಆಸ್ಪತ್ರೆಯಲ್ಲಿ ರಕ್ತ ನೋಡಿ ಹತ್ತೂವರೆ ಇದೆ ಅಂದರು. ಮಾರ್ಚಿನಲ್ಲಿ ಏಳು ಇತ್ತು. ಆ ಏಳು ಹತ್ತೂವರೆ ಆದ ಕಥೆಯೇ ನೀನು ಕೇಳಿದ್ದಕ್ಕೆ ಉತ್ತರ.

ನೀನು ಬರೆದಿದ್ದೆ: "ಹಡಗಲಿಯ ಬೀಗರು ನಮ್ಮೂರಿಗೇ ಬಂದು ಕಣ್ಣೀರು ಹಾಕಿದರು. ನಾನು ಮುಂದೆ ನಿಂತು ಕೂಡಿಸಿದ ಸಂಬಂಧ. ಭಾವ, ನೀವು ದಿನಾ ಬಸ್ಸಿನಲ್ಲಿ ಮಗಳಿಗೆ ಬುತ್ತಿ ಕಳಿಸಿ ಅವರ ಮರ್ಯಾದೆ ಕಳೆಯುತ್ತಿದ್ದೀರಂತೆ, ನಿಜವೇ?" ನಿಜ. ಒಂದು ದಿನ ಎರಡು ದಿನ ಅಲ್ಲ, ನಲವತ್ತೇಳು ದಿನ. ಮರ್ಯಾದೆ ಹೋಗಲಿ ಅಂತಲೇ ಕಳಿಸಿದೆ.

ಮಾರ್ಚಿನಲ್ಲಿ ಒಂದು ರಜೆಯ ದಿನ ಹೊಸ ಶೇಂಗಾ ಚೀಲ ಹೊತ್ತುಕೊಂಡು ಹಡಗಲಿಗೆ ಹೋಗಿದ್ದೆ. ಆಗ ಯಶೋಧಾಗೆ ಐದು ತಿಂಗಳು ತುಂಬುತ್ತಿತ್ತು. ಬೀಗ ಓಬಳೇಶಪ್ಪ, ಅಳಿಯ ಶಿವಶಂಕರ, ನಾನು ಮೂವರೂ ಊಟಕ್ಕೆ ಕುಳಿತೆವು. ಗಟ್ಟಿ ತೊಗರಿಬೇಳೆ, ಕೆನೆ ಮೊಸರು, ಬದನೆಕಾಯಿ ಪಲ್ಲೆ. ಯಶೋಧಾ ಬಡಿಸಿದಳು. ಉಂಡು ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕುಳಿತೆವು. ಎಷ್ಟೋ ಹೊತ್ತಿನ ಮೇಲೆ ನೀರು ಕೇಳಲು ಒಳಗೆ ಹೋದೆ. ಅಡುಗೆಮನೆಯ ಬಾಗಿಲ ಹಿಂದೆ ಅವಳು ಕುಳಿತಿದ್ದಳು. ತಾಟಿನಲ್ಲಿ ಒಂದೂವರೆ ರೊಟ್ಟಿ, ಉಪ್ಪುಮೆಣಸಿನಕಾಯಿ, ಪಾತ್ರೆಯ ತಳ ತೊಳೆದ ಹಾಗಿದ್ದ ಸಾರು. ಅದರಲ್ಲಿ ಒಂದು ಬೇಳೆ ಇರಲಿಲ್ಲ. ನಾನು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಸುಣ್ಣ ಬಳಿದ ಹಾಗಿತ್ತು. ನಿಮ್ಮಕ್ಕ ಲಕ್ಷ್ಮಿದೇವಿಯ ಕಣ್ಣು ಕೊನೆಯ ತಿಂಗಳಲ್ಲಿ ಹೀಗೇ ಇತ್ತು, ನಿನಗೆ ನೆನಪಿರಬೇಕು.

ಬೀಗಿತ್ತಿ ಹನುಮಕ್ಕನನ್ನು ಕರೆದು ಕೇಳಿದೆ. ಅವಳು ಸೆರಗು ಎಳೆದುಕೊಂಡು, "ಹೆಣ್ಮಕ್ಕಳು ಕಡೀಗೆ ಉಣ್ಣೋದು ನಮ್ಮ ಮನಿ ಪದ್ಧತಿ ಐತ್ರಿ ಬೀಗ್ರೆ. ಉಳಿದದ್ದು ಉಣ್ತಾರ. ಬಸುರಿ ಭಾಳ ಉಂಡ್ರ ಕೂಸು ದಪ್ಪ ಆಗಿ ಹೆರಿಗಿ ಕಷ್ಟ ಆಗತೈತಿ," ಅಂದಳು. ನಮ್ಮವ್ವನೂ ಇದೇ ಮಾತು ಆಡುತ್ತಿದ್ದಳು.

ಶಿವಶಂಕರನನ್ನು ಅವನ ಸೈಕಲ್ ಅಂಗಡಿಯ ತನಕ ಕರೆದುಕೊಂಡು ಹೋಗಿ, "ನೀ ನೋಡಿಲ್ಲೇನಪಾ ಅಕಿ ಏನ್ ಉಣ್ತಾಳಂತ?" ಅಂದೆ. "ನೋಡೀನ್ರಿ ಮಾವ. ಅವ್ವಗ ಹೆಂಗ ಹೇಳ್ಲಿ?" ಅಂದ. ಅವನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು ಪಾಲಾಕ್ಷ. ಹನುಮಕ್ಕನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಹುಡುಗನ ಮೇಲೆ ಬಂತು. ಕೈ ಕಟ್ಟಿಕೊಂಡು ನೇರ ಸಂತೆ ಬೀದಿಗೆ ಹೋದೆ. ಹೆಸರುಬೇಳೆ, ಮೆಂತ್ಯ ಸೊಪ್ಪು, ಒಂದು ಡಜನ್ ಮೊಟ್ಟೆ, ಬೆಳ್ಳುಳ್ಳಿ, ನಿಂಬೆಹಣ್ಣು ತಂದೆ. ಅಂಗಿ ಕಳಚಿ ಗೂಟಕ್ಕೆ ಹಾಕಿ ಹನುಮಕ್ಕನ ಅಡುಗೆಮನೆಯೊಳಗೆ ಹೋಗಿ ಒಲೆ ಹಚ್ಚಿದೆ.

ಬೀಗ ಬಂದು ಅಡುಗೆಮನೆಯಲ್ಲಿ ಕುಳಿತದ್ದನ್ನು ಆ ಓಣಿ ಯಾವತ್ತೂ ಕಂಡಿರಲಿಲ್ಲ. ನಾನು ತಂದ ಶೇಂಗಾವನ್ನೇ ಹುರಿದು, ಒಣಕೊಬ್ಬರಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸೇರಿಸಿ ಅರೆದು, ಈರುಳ್ಳಿ ಕೆಂಪಗೆ ಬಾಡಿಸಿ, ಎಣ್ಣೆ ಮೇಲೆ ತೇಲುವ ತನಕ ಕುದಿಸಿ, ಬೆಂದ ಮೊಟ್ಟೆ ಸೀಳಿ ಬಿಟ್ಟೆ. ಹೆಸರುಬೇಳೆಗೆ ಮೆಂತ್ಯ ಹಾಕಿ ಇಳಿಸುವಾಗ ನಿಂಬೆ ಹಿಂಡಿದೆ. ವಾಸನೆಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಸಂಜೆ ಎಲ್ಲರನ್ನೂ ಸಾಲಾಗಿ ಕೂರಿಸಿ ಮೊದಲು ಯಶೋಧಾಗೆ ಬಡಿಸಿದೆ. ಅವಳು ತಲೆ ಎತ್ತಲಿಲ್ಲ. ಓಬಳೇಶಪ್ಪ ತಾಟು ಸರಿಸಿ ಎದ್ದ.

"ಬೀಗರ, ಇದು ನಮ್ಮ ಮನಿ. ಇನ್ನ ಮ್ಯಾಲೆ ನಮ್ಮ ಒಲಿ ಮುಟ್ಟಬ್ಯಾಡ್ರಿ."

"ಆತ್ರಿ. ಮುಟ್ಟಂಗಿಲ್ಲ," ಅಂದೆ. "ನನ್ನ ಮನ್ಯಾಗೂ ಒಲಿ ಐತಿ."

ವಾಪಸು ಬರುವ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿ ದಾಟುವಷ್ಟರಲ್ಲಿ ಏನು ಮಾಡಬೇಕು ಅಂತ ಹೊಳೆದಿತ್ತು. ಬೀಗರ ಮನೆ ಇರುವುದು ಬಸ್ಸು ತಿರುಗುವ ರಸ್ತೆಯಲ್ಲೇ. ನಮ್ಮ ಡಿಪೋದ ಕಂಡಕ್ಟರ್ ಜೋಗಪ್ಪ ದಿನಾ ಮುಂಜಾನೆ ಹಡಗಲಿಗೆ ಹೋಗುತ್ತಾನೆ. ಅವನಿಗೆ ಹೇಳಿದೆ: "ಮನಿ ಮುಂದ ಗಾಡಿ ನಿಲ್ಲಿಸಿ, ಹಾರ್ನ್ ಹೊಡಿಸಿ, ಓಣಿಗೆಲ್ಲ ಕೇಳೋ ಹಂಗ ಒದರಬೇಕು. ಅಕಿ ಬಂದು ಒಂದು ತುತ್ತು ಉಣ್ಣೋ ತನಕ ಹೊರಡಬ್ಯಾಡ." ಜೋಗಪ್ಪನ ಕಂಠ ನಿನಗೆ ಗೊತ್ತಲ್ಲ. "ಹುಲುಗಣ್ಣನ ಮಗಳಿಗೆ ಬುತ್ತಿ ಬಂದೈತ್ರೀ! ಹಸದಾಳ, ಜಲ್ದಿ ಬರಾಕ ಹೇಳ್ರೀ!" ಅಂತ ಮೊದಲ ದಿನವೇ ಒದರಿದನಂತೆ. 'ಹಸದಾಳ' ಅನ್ನುವುದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವನೇ ಸೇರಿಸಿದ್ದು. ಕೇಳಿ ನನಗೆ ಬಹಳ ಸಂತೋಷವಾಯಿತು.

ಡ್ಯೂಟಿಗೆ ಹೋಗುವ ಮೊದಲು ಅಡುಗೆ ಮಾಡುತ್ತಿದ್ದೆ. ಮೂರು ಡಬ್ಬಿಯ ಕ್ಯಾರಿಯರ್. ಹಿಂದಿನ ದಿನ ನೆನೆಸಿ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು ಮೊಳಕೆ ಬಂದಿರುತ್ತಿತ್ತು. ಅದಕ್ಕೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ. ಹೆಚ್ಚು ಬೇಯಿಸಬಾರದು, ಹಲ್ಲಿಗೆ ಸಿಗಬೇಕು. ಒಂದು ದಿನ ಮಡಿಕೆಕಾಳಿನ ಉಸಳಿ, ಒಂದು ದಿನ ತೊಗರಿಬೇಳೆ ಹಾಕಿ ಮಸೆದ ಪುಂಡಿಪಲ್ಲೆ, ವಾರಕ್ಕೆರಡು ದಿನ ಕೋಳಿ. ಹುರಳಿ ಮಾತ್ರ ಹಾಕಲಿಲ್ಲ, ಉಷ್ಣ ಅಂತ ಹನುಮಕ್ಕನ ಬಾಯಿಗೆ ಒಂದು ಮಾತು ಸಿಗಬಾರದು. ರೊಟ್ಟಿಯ ಹಿಟ್ಟಿಗೂ ಒಂದು ಹಿಡಿ ಕಡಲೆ ಹಿಟ್ಟು. ಮೇಲೆ ಅಗಸಿ ಚಟ್ನಿ, ಗಟ್ಟಿ ಮೊಸರು. ಬೇಳೆ, ಕಾಳು, ಮೊಟ್ಟೆ, ಮೊಸರು, ಇವೇ ಪ್ರೋಟೀನ್, ಬಸುರಿಯ ರಕ್ತ, ಕೂಸಿನ ಮೈ ಎರಡಕ್ಕೂ ಬೇಕು ಅಂತ ಹಿಂದೆ ಆಸ್ಪತ್ರೆಯ ನರ್ಸಮ್ಮ ಬಿಡಿಸಿ ಹೇಳಿದ್ದಳು. ಆದರೆ ರುಚಿ ಇರದಿದ್ದರೆ ಅದು ಔಷಧಿ ಆಗುತ್ತದೆ, ಊಟ ಆಗುವುದಿಲ್ಲ. ಅದನ್ನು ನಾನು ಒಲೆಯ ಮುಂದೆ ಕಲಿತೆ. ಲಕ್ಷ್ಮಿ ಸತ್ತಾಗ ಯಶೋಧಾ ಎರಡು ವರ್ಷದ ಕೂಸು. ತಿಥಿಯ ಮರುದಿನವೇ ನಮ್ಮವ್ವ ಎರ್ರೆಮ್ಮನ ಕೈಯಿಂದ ಸೌಟು ಕಸಿದುಕೊಂಡೆನಲ್ಲ. ಅವತ್ತಿನಿಂದ ಹದಿನೈದು ವರ್ಷ, ಅವಳು ಸಾಯುವ ತನಕ, ನಾನೇ ಅಡುಗೆ ಮಾಡಿದೆ, ಅವಳಿಗೆ ಕೊನೆಗೆ ಬಡಿಸಿದೆ. ನಾನು, ಮಗಳು ಉಂಡೆದ್ದ ಮೇಲೆ ಉಳಿದದ್ದು ಅವಳಿಗೆ. "ತಕ್ಕ ಶಾಸ್ತಿ ಮಾಡಿದಿ ಭಾವ," ಅಂತ ನೀನೂ ಅಂದಿದ್ದೆ.

ಬುತ್ತಿಯ ಕಥೆಗೆ ಬರುತ್ತೇನೆ. ಎರಡನೆಯ ವಾರಕ್ಕೆ ಹಡಗಲಿಯ ಚಹದಂಗಡಿಯಲ್ಲಿ ಓಬಳೇಶಪ್ಪ ಹೋಗಿ ಕುಳಿತರೆ, "ಏನ್ರಿ, ಬುತ್ತಿ ಬಂತೇನ್ರಿ?" ಅಂತ ಕೇಳತೊಡಗಿದರಂತೆ. ಅವನು ಆ ಕಡೆ ಹೋಗುವುದನ್ನೇ ಬಿಟ್ಟ. ಹನುಮಕ್ಕನ ತವರಿನವರು ಕೊಟ್ಟೂರಿನಿಂದ ಬಂದು, ಬಸುರಿ ಸೊಸೆಗೆ ಹಾಕಲು ಮನೆಯಲ್ಲಿ ಕಾಳಿಲ್ಲವೇ ಅಂತ ಕೇಳಿದರಂತೆ. ಜೋಗಪ್ಪ ಸಂಜೆ ಖಾಲಿ ಕ್ಯಾರಿಯರ್ ತಂದುಕೊಟ್ಟು ಇದನ್ನೆಲ್ಲ ಹೇಳುತ್ತಿದ್ದರೆ ಎರಡೆರಡು ಸಲ ಹೇಳಿಸಿಕೊಂಡು ಕೇಳುತ್ತಿದ್ದೆ. ಆ ದಿನಗಳಲ್ಲಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಯಶೋಧಾ ಒಂದು ಕಾಗದ ಬರೆದಳು. "ಅಪ್ಪಾ, ಬುತ್ತಿ ರುಚಿಯಾಗಿರುತ್ತದೆ. ಆದರೆ ಬಸ್ಸಿನ ತುಂಬ ಜನ ಕಿಟಕಿಯಿಂದ ತಲೆ ಹಾಕಿ ನಾನು ಉಣ್ಣುವುದನ್ನು ನೋಡುತ್ತಾರೆ. ತುತ್ತು ಇಳಿಯುವುದಿಲ್ಲ. ನೀನು ನನಗೆ ಉಣಿಸುತ್ತಿದ್ದೀಯೋ, ಅತ್ತೆಯನ್ನು ಹೊಡೆಯುತ್ತಿದ್ದೀಯೋ?" ಓದಿ ಒಂದು ದಿನ ಬುತ್ತಿ ಕಳಿಸಲಿಲ್ಲ. ಮರುದಿನ ಮತ್ತೆ ಕಳಿಸಿದೆ. ಕೋಳಿಯ ಜೊತೆ ಇನ್ನೊಂದು ಡಬ್ಬಿ ಹೆಚ್ಚು ಹಾಕಿದೆ. ನನ್ನ ಸಿಟ್ಟು ಅಷ್ಟಿತ್ತು.

ನಲವತ್ತೇಳನೆಯ ದಿನ ಸಂಜೆ ಜೋಗಪ್ಪನ ಬಸ್ಸಿನಿಂದ ಹನುಮಕ್ಕನೇ ಇಳಿದು ಬಂದಳು. ಕೈಯಲ್ಲಿ ತೊಳೆದ ಕ್ಯಾರಿಯರ್. ಒಬ್ಬಳೇ ಬಂದಿದ್ದಳು. ಬಾಗಿಲಲ್ಲಿ ಅವಳನ್ನು ಕಂಡಾಗ ನನಗೆ ಕನಿಕರ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಗೆದ್ದೆ ಅನ್ನಿಸಿತು. ಬಾ ಅನ್ನದೆ ಒಂದಷ್ಟು ಹೊತ್ತು ಹೊಸ್ತಿಲ ಹೊರಗೇ ನಿಲ್ಲಿಸಿದೆ.

"ಸಾಕು ಮಾಡ್ರಿ ಬೀಗ್ರೆ," ಅಂದಳು. "ನೀವು ಮಾಡೋದು ನನಗ ಕಲಿಸ್ರಿ. ನಾನ ಮಾಡಿ ಹಾಕ್ತೀನಿ. ಅಕಿಗೆ ಮೊದಲ ಹಾಕ್ತೀನಿ."

"ಇಷ್ಟ ದಿನ ಯಾಕ ಹಾಕಲಿಲ್ರಿ?"

ಅವಳು ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ನಿಮ್ಮ ಮಗಳು ಉಂಡ ಮ್ಯಾಲೆ ನಾ ಉಣ್ತೀನ್ರಿ. ಅದನ್ನ ಯಾರರ ನೋಡೀರೇನ್ರಿ? ಅಕಿ ಸಾರಿನ್ಯಾಗ ಬ್ಯಾಳಿ ಇರ್ಲಿಲ್ಲ ಅಂದ್ರಿ. ನನ್ನ ತಾಟಿಗೆ ಸಾರೂ ಇರ್ತಿದ್ದಿಲ್ಲ."

ಆಗ ಅವಳನ್ನು ಸರಿಯಾಗಿ ನೋಡಿದೆ. ನಡೆದು ಬಂದದ್ದಕ್ಕೇ ಏದುಸಿರು ಬಿಡುತ್ತಿದ್ದಳು. ಕೈ ಉಗುರುಗಳು ಬೆಳ್ಳಗಿದ್ದವು. ಒಳಗೆ ಕರೆದೆ. ಕಾಳು ಕಟ್ಟುವುದು, ಮೊಳಕೆ ಹುಳಿಯಾಗದಂತೆ ನೋಡಿಕೊಳ್ಳುವುದು, ಶೇಂಗಾ ಅರೆಯುವುದು ಎಲ್ಲ ತೋರಿಸಿದೆ. ಒರಟಾಗಿಯೇ ತೋರಿಸಿದೆ. ಅವಳು ಅರೆದದ್ದು ನುಣ್ಣಗಾಗಲಿಲ್ಲ ಅಂತ ಎರಡು ಸಲ ಮತ್ತೆ ಅರೆಸಿದೆ. ಆದರೆ ತಾಟು ಹಾಕಿದಾಗ ಅವಳಿಗೇ ಮೊದಲು ಬಡಿಸಿದೆ. ಅವಳು ಎಡಗೈಯಿಂದ ಸೆರಗು ಮುಖಕ್ಕೆ ಹಿಡಿದುಕೊಂಡು ಉಂಡಳು.

ಉಂಡು ಕೈ ತೊಳೆಯುತ್ತ ಕೇಳಿದಳು: "ಯಶೋಧಾನ ಅವ್ವ ಹೆಂಗ ತೀರಿದ್ಳ್ರಿ?"

ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಎರಡನೆಯ ಬಸುರಿನಲ್ಲಿ ರಕ್ತ ಇರಲಿಲ್ಲ, ಹೆರಿಗೆಯಲ್ಲಿ ತಾಯಿ ಮಗು ಎರಡೂ ಹೋದವು, ನಮ್ಮವ್ವ ಅವಳಿಗೆ ಹೊಟ್ಟೆಗೆ ಹಾಕಲಿಲ್ಲ.

"ನೀವು ಆವಾಗ ಊರಾಗ ಇರ್ಲಿಲ್ಲೇನ್ರಿ?" ಅಂದಳು. ಚುಚ್ಚಲು ಕೇಳಿದ್ದಲ್ಲ. ಹಾಗೇ ಕೇಳಿದಳು.

"ಡ್ಯೂಟಿ ಇತ್ತು," ಅಂದೆ.

ಮರುದಿನದಿಂದ ಬುತ್ತಿ ನಿಲ್ಲಿಸಿದೆ. ಅವಳು ಮಾತಿನಂತೆ ನಡೆದಳು, ಯಶೋಧಾಳೇ ಹೇಳುತ್ತಾಳೆ. ಈಗ ಇಬ್ಬರೂ ಒಟ್ಟಿಗೆ ಕುಳಿತು ಉಣ್ಣುತ್ತಾರಂತೆ. ಶಿವಶಂಕರ ದಿನಾ ಅಂಗಡಿಯಿಂದ ಬರುವಾಗ ಮೊಟ್ಟೆ ತರುತ್ತಾನಂತೆ, ಅವ್ವನ ಎದುರಿಗೇ ಹೆಂಡತಿಯ ಕೈಗೆ ಕೊಡುತ್ತಾನಂತೆ. ಓಬಳೇಶಪ್ಪ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ಅವನು ನಿನ್ನ ಹತ್ತಿರ ಮತ್ತೆ ಬಂದರೆ, ನಾನು ಕ್ಷಮೆ ಕೇಳುವುದಿಲ್ಲ ಅಂತ ಹೇಳಿಬಿಡು.

ವಾಣಿಶ್ರೀಗೆ ಬೆನ್ನುನೋವು ಅಂತ ಬರೆದಿದ್ದೆ. ದಿನಾ ಒಂದು ಹಿಡಿ ಮೊಳಕೆಕಾಳು ಉಣ್ಣಲು ಹೇಳು, ನಿನ್ನ ಎದುರಿಗೇ ಉಣ್ಣಲಿ. ಮಕ್ಕಳು ಚೆನ್ನಾಗಿ ಓದಲಿ. ನಿಮ್ಮ ಮನೆಯ ಒಲೆ ಆರದಿರಲಿ, ಎಲ್ಲರೂ ನೂರು ವರ್ಷ ಬಾಳಿ.

ನಿನ್ನ ಭಾವ,
ಹುಲುಗಣ್ಣ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಡ್ಯೂಟಿ ಇತ್ತು ಅಂದದ್ದು ಸುಳ್ಳು. ಲಕ್ಷ್ಮಿಯ ಕೊನೆಯ ತಿಂಗಳು ನಾನು ಮನೆಯಲ್ಲೇ ಇದ್ದೆ. ಅವಳನ್ನು ಆಸ್ಪತ್ರೆಗೆ ತೋರಿಸಿದಾಗ ನರ್ಸಮ್ಮ ಹೇಳಿದ್ದು ನನಗೇ, ದಿನಾ ಎರಡು ಮೊಟ್ಟೆ, ಬೇಳೆ ಕೊಡಿ, ಇಲ್ಲದಿದ್ದರೆ ಉಳಿಯುವುದಿಲ್ಲ ಅಂತ. ಬರುತ್ತ ಆರು ಮೊಟ್ಟೆ ಕೊಂಡು ತಂದೆ. ಬಾಗಿಲಲ್ಲಿ ಅವ್ವ, "ಯಾರಿಗಲೇ ಇವು?" ಅಂದಳು. ಹೆಂಡತಿಗೆ ಅಂದರೆ ಏನು ಅಂದುಕೊಳ್ಳುತ್ತಾಳೋ ಅಂತ ನಾಚಿಕೆಯಾಗಿ, "ನನಗ," ಅಂದುಬಿಟ್ಟೆ. ಲಕ್ಷ್ಮಿ ನನ್ನ ಹಿಂದೆಯೇ ನಿಂತಿದ್ದಳು. ಅವಳೇ ಬೇಯಿಸಿ, ಸುಲಿದು, ನನ್ನ ತಾಟಿಗೆ ಹಾಕಿದಳು. ಮೂರು ದಿನ, ದಿನಕ್ಕೆ ಎರಡು. ನಾನು ಉಂಡೆ.

ಲಕ್ಷ್ಮಿಯನ್ನು ಮಣ್ಣು ಮಾಡಿದ ದಿನ ನೀನು ಅವ್ವನ ಮುಖಕ್ಕೆ, "ನಮ್ಮಕ್ಕನ್ನ ತಿಂದಾಕಿ ನೀನು," ಅಂದೆ. ನಾನು ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ. ಅವ್ವನೂ ಸುಮ್ಮನಿದ್ದಳು. ಹದಿನೈದು ವರ್ಷ ನಾನು ಬಡಿಸಿದ ತಂಗಳನ್ನು ಉಂಡಳು. ಸಾಯುವ ಮೊದಲು ಒಂದೇ ಸಲ ಕೇಳಿದಳು: "ಆವತ್ತು ಆ ಮೊಟ್ಟಿ ಲಕ್ಷ್ಮಿಗೆ ಅಂದಿದ್ರ ನಾ ಬ್ಯಾಡ ಅಂತಿದ್ನೇನಲೇ ಹುಲುಗಾ?"

ಇಪ್ಪತ್ತೆರಡು ವರ್ಷದಿಂದ ನೀನು ನಮ್ಮವ್ವನ ಹೆಸರು ಹಿಡಿದು ಶಾಪ ಹಾಕುತ್ತಿದ್ದೀಯ. ಒಂದು ಸಲ ಬಂದು ಅವಳ ಸಮಾಧಿಗೆ ಕೈ ಮುಗಿದು ಹೋಗು. ಆಮೇಲೆ ನನ್ನ ಮನೆಗೆ ಬರುವುದೂ ಬಿಡುವುದೂ, ಬಂದರೆ ಏನು ಮಾಡಬೇಕು ಅನ್ನುವುದೂ ನಿನಗೆ ಬಿಟ್ಟದ್ದು. ಬಾಗಿಲು ತೆಗೆದಿರುತ್ತೇನೆ.