ಪಿನ್ನಿಗೆ ಸುತ್ತಿದ ತಗಡು

ಬಂಟ್ವಾಳ, 9-3-1962

ಬಸ್ಸಿನ ಧನಿ ಲೋಕನಾಥರಿಗೆ, ಶೆಡ್ಡಿನ ಮೆಕ್ಯಾನಿಕ್ ಕಮಲಾಕ್ಷನ ನಮಸ್ಕಾರ.

ನಿನ್ನೆ ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಹಿಡಿಯದೆ ನಮ್ಮ ಬಸ್ಸು ಬಂಡೆಗೆ ಬಡಿದು ಇಬ್ಬರು ಸತ್ತರು. ಸಂಜೆ ನೀವು ಡ್ರೈವರ್ ಜತ್ತಪ್ಪನಿಗೆ ಜಾಕಿಯ ಸರಳಿನಿಂದ ಹೊಡೆದಿರಿ. ಅವನ ಎರಡೂ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದವನು ನಾನು. ಮೊಣಕಾಲು ಮುರಿದ ಸದ್ದು ನನಗೂ ಕೇಳಿತು. “ತುಳಿದದ್ದುಂಟು ಧನಿ, ಅದು ಹಿಡೀಲಿಲ್ಲ” ಎಂದು ಅವನು ಕಿರುಚುತ್ತಿದ್ದ. ಅದು ನಿಜ.

ಆ ಬಸ್ಸಿನ ಚಕ್ರವನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ಬದಲಿಸಿದವನು ನಾನು. ಶೂ ನಿಲ್ಲುವ ಪಿನ್ನು ಹಿಂದಿನ ಪ್ಲೇಟಿನ ತೂತಿನೊಳಗೆ ಬಲವಾಗಿ ಒತ್ತಿದರೆ ಮಾತ್ರ ಹೋಗಬೇಕು. ಇದು ಬೆರಳಲ್ಲೇ ಹೋಯಿತು, ತೂತು ಅಷ್ಟು ಸವೆದಿತ್ತು. ಹೊಸ ಪ್ಲೇಟು ಕೇಳಿದರೆ ನೀವು, “ಅದೆಲ್ಲ ಮತ್ತೆ ನೋಡುವ ಮಾರಾಯ, ಬಸ್ಸು ಹೊರಡಲಿ” ಎಂದಿರಿ. ನಾನು ನನ್ನ ನಶ್ಯದ ಡಬ್ಬಿಯ ತಗಡು ಕತ್ತರಿಸಿ ಪಿನ್ನಿಗೆ ಸುತ್ತಿ ಬಡಿದು ಕೂರಿಸಿದೆ. ಘಾಟಿಯಲ್ಲಿ ಆ ತಗಡು ಹರಿದು ಪಿನ್ನು ಕಳಚಿರಬೇಕು.

ಜತ್ತಪ್ಪನನ್ನು ಇನ್ನು ಮುಟ್ಟಬೇಡಿ. ನನ್ನನ್ನು ಹೊಡೆಯಲು ಬನ್ನಿ, ಕೈ ಹಿಡಿಯಲು ಯಾರೂ ಬೇಡ. ಅದಕ್ಕೆ ಮೊದಲು, ಪತ್ರ ತಂದವನ ಕೈಯಲ್ಲಿ ಬಸ್ಸು ನಿಲ್ಲಿಸಲು ನಿಮ್ಮ ಸಹಿಯ ಚೀಟಿ ಕೊಟ್ಟು ಬೆಳ್ತಂಗಡಿಗೆ ಓಡಿಸಿ. ನಮ್ಮ ಹನ್ನೊಂದು ಗಂಟೆಯ ಇನ್ನೊಂದು ಬಸ್ಸು ಘಾಟಿ ಹತ್ತಬಾರದು. ಆ ಡಬ್ಬಿಯ ಮುಚ್ಚಳ ಅದರ ಪಿನ್ನಿನಲ್ಲಿ ಉಂಟು.

ಶೆಡ್ಡಿನಲ್ಲೇ ಕಾದಿರುವ,
ಕಮಲಾಕ್ಷ